ಕೋಟೆಯ ಒಳಗೆ ಯಾರು, ಹೊರಗೆ ಯಾರು?

(ಇತಿಹಾಸ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಮ್ಮ ನಾಡಿನ ಊರುಗಳ ಹೆಸರುಗಳನ್ನು ಒಮ್ಮೆ ನೆನೆಸಿಕೊಳ್ಳಿ. ಚಿತ್ರದುರ್ಗ, ಹೊಸದುರ್ಗ, ದೇವದುರ್ಗ, ಪಾವಗಡ, ಗಜೇಂದ್ರಗಡ, ಹೆಗ್ಗಡದೇವನಕೋಟೆ. ಕೋಟೆ ಬಿದ್ದುಹೋದರೂ ಹೆಸರು ಬಿದ್ದಿಲ್ಲ. ಹೆಸರಿನಲ್ಲಿ ಇಲ್ಲದಿದ್ದರೆ ಊರಿನೊಳಗೆ ಒಂದು ಕೋಟೆ ಬೀದಿಯೋ, ಕೋಟೆ ಆಂಜನೇಯನ ಗುಡಿಯೋ, ಅಗಳು ಮುಚ್ಚಿ ಮಾಡಿದ ಬಸ್ ನಿಲ್ದಾಣವೋ ಇದ್ದೇ ಇರುತ್ತದೆ.

ಕೋಟೆ ನೋಡಲು ಹೋದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಕಟ್ಟಿಸಿದವರು ಯಾರು? ಎಷ್ಟು ಸುತ್ತು? ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ಉತ್ತರ ಸಿಕ್ಕ ಮೇಲೂ ಕೋಟೆಯ ಬಗ್ಗೆ ನಮಗೆ ತಿಳಿದದ್ದು ಕಡಿಮೆ. ಆದ್ದರಿಂದ ಈ ಹೊತ್ತು ಮೂರನೆಯ ಪ್ರಶ್ನೆಯೊಂದನ್ನು ಹಿಡಿದುಕೊಂಡು ಹೋಗೋಣ. ವೈರಿ ಬಂದ ದಿನ ಈ ಗೋಡೆಯ ಒಳಗೆ ಯಾರಿದ್ದರು, ಹೊರಗೆ ಯಾರು ಉಳಿದರು?

ಮೊದಲು ಕೋಟೆಯ ಬಗೆಗಳನ್ನು ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ದುರ್ಗಗಳನ್ನು ಹೇಳುತ್ತದೆ: ನೀರಿನ ನಡುವಿನದು, ಬೆಟ್ಟದ ಮೇಲಿನದು, ಮರುಭೂಮಿಯದು, ಕಾಡಿನದು. ಮನುಸ್ಮೃತಿ ಆರು ಎನ್ನುತ್ತದೆ, ಅವುಗಳಲ್ಲಿ ಗಿರಿದುರ್ಗವೇ ಶ್ರೇಷ್ಠ ಎಂದೂ ತೀರ್ಪು ಕೊಡುತ್ತದೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಪಟ್ಟಿ ಒಂಬತ್ತಕ್ಕೆ ಬೆಳೆದಿದೆ. ನೀರು, ಬೆಟ್ಟ, ಕಲ್ಲು, ಇಟ್ಟಿಗೆ, ಮಣ್ಣು, ಕಾಡು, ಮರಳು, ಮರ. ಇವುಗಳ ಜೊತೆಗೆ ನರದುರ್ಗ, ಅಂದರೆ ಮನುಷ್ಯರೇ ಕೋಟೆಯಾಗಿ ನಿಲ್ಲುವುದು. ಶಾಸ್ತ್ರಕಾರರು ಪಟ್ಟಿ ಬೆಳೆಸುವುದರಲ್ಲಿ ನಿಸ್ಸೀಮರು ಎಂದು ನಗಬಹುದು. ಆದರೆ ಕಲ್ಲು, ಮಣ್ಣುಗಳ ಸಾಲಿನಲ್ಲಿ ಮನುಷ್ಯನನ್ನೂ ಸೇರಿಸಿದ್ದು ಬರಿಯ ಪಟ್ಟಿಯ ಚಪಲವಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಕೌಟಿಲ್ಯನಿಗೆ ಕೋಟೆಯೆಂದರೆ ಪುಸ್ತಕದ ವಿಷಯವಲ್ಲ, ಮಣ್ಣು ಹೊರುವ ವಿಷಯ. ಒಂದರ ಹೊರಗೊಂದು ಮೂರು ಕಂದಕ ತೋಡಬೇಕು. ಅವುಗಳ ಅಗಲ 14, 12, 10 ದಂಡ. ದಂಡವೆಂದರೆ ಸುಮಾರು ಒಂದು ಆಳುದ್ದ. ತೋಡಿದ ಮಣ್ಣನ್ನು ಒಳಬದಿಗೆ ರಾಶಿ ಹಾಕಿ, ಆನೆ ಎತ್ತುಗಳಿಂದ ತುಳಿಸಿ ದಿಬ್ಬ ಮಾಡಬೇಕು. ಅದರ ಮೇಲೆ ಮುಳ್ಳಿನ ಪೊದೆ, ವಿಷದ ಬಳ್ಳಿ ಬೆಳೆಸಬೇಕು. ನೋಡಿ, ಗುಂಡಿಯೂ ಗೋಡೆಯೂ ಒಂದೇ ಕೆಲಸದ ಎರಡು ಮುಖ. ಅಗೆದಷ್ಟು ಆಳ ಹೊರಗೆ, ಅಷ್ಟೇ ಎತ್ತರ ಒಳಗೆ. ಇನ್ನೊಂದು ಮಾತನ್ನೂ ಅವನು ಖಡಾಖಂಡಿತವಾಗಿ ಹೇಳುತ್ತಾನೆ: ಗೋಡೆಯನ್ನು ಮರದಿಂದ ಮಾತ್ರ ಕಟ್ಟಬೇಡ, ಮರದೊಳಗೆ ಬೆಂಕಿ ಹೊಂಚುಹಾಕಿ ಕೂತಿರುತ್ತದೆ. ಸ್ವಾರಸ್ಯವೆಂದರೆ ಮೌರ್ಯರ ಪಾಟಲಿಪುತ್ರಕ್ಕೆ ಇದ್ದದ್ದು ಮರದ ಗೋಡೆಯೇ. ಗ್ರೀಕ್ ರಾಯಭಾರಿ ಮೆಗಸ್ತನೀಸ್ ಅದಕ್ಕೆ 64 ಬಾಗಿಲು, 570 ಬುರುಜುಗಳಿದ್ದವೆಂದು ಹೇಳಿದ್ದಾನೆ. ಪಟ್ನಾದ ಬುಲಂದಿಬಾಗ್‌ನಲ್ಲಿ ಅಗೆದಾಗ ದಪ್ಪ ದಿಮ್ಮಿಗಳ ಸಾಲು ಸಿಕ್ಕಿತು. ಶಾಸ್ತ್ರ ಒಂದು ಕಡೆ, ಊರು ಇನ್ನೊಂದು ಕಡೆ ಇರುವುದು ಹೊಸದೇನಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. ಬಾದಾಮಿಯ ಬಂಡೆಯೊಂದರ ಮೇಲೆ ಶಕವರ್ಷ 465ರ, ಅಂದರೆ ಕ್ರಿ.ಶ. 543ರ ಶಾಸನವಿದೆ. ಚಾಲುಕ್ಯ ವಲ್ಲಭೇಶ್ವರನು ವಾತಾಪಿಯ ಬೆಟ್ಟವನ್ನು ಕೆಳಗಿನಿಂದಲೂ ಮೇಲಿನಿಂದಲೂ ಗೆಲ್ಲಲಾಗದ ದುರ್ಗವನ್ನಾಗಿ ಮಾಡಿದನೆಂದು ಅದು ಸಾರುತ್ತದೆ. ಈ ವಲ್ಲಭೇಶ್ವರನೇ ಮೊದಲನೆಯ ಪುಲಕೇಶಿ. ಬಾದಾಮಿಗೆ ಹೋದವರಿಗೆ ಈ ಮಾತು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ಎರಡೂ ಕಡೆ ಕಡಿದಾದ ಕೆಂಪು ಬಂಡೆ, ನಡುವೆ ಕೆರೆ. ಆದರೂ ನೂರು ವರ್ಷ ತುಂಬುವ ಹೊತ್ತಿಗೆ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮ ಅದನ್ನು ಗೆದ್ದ. ಅವನ ಶಾಸನವೂ ಅದೇ ಊರಿನ ಬಂಡೆಯ ಮೇಲಿದೆ. ಅವನು ‘ವಾತಾಪಿಕೊಂಡ’ ಎಂಬ ಬಿರುದನ್ನೇ ಇಟ್ಟುಕೊಂಡ. ‘ಗೆಲ್ಲಲಾಗದು’ ಮತ್ತು ‘ಗೆದ್ದೆ’ ಎರಡನ್ನೂ ಒಂದೇ ಊರಿನಲ್ಲಿ ಓದಬಹುದು. ಇಮ್ಮಡಿ ಪುಲಕೇಶಿಯಂಥ ದೊರೆ, ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದವನು, ತನ್ನ ಮನೆಬಾಗಿಲಲ್ಲಿ ಸೋತ.

ಕೋಟೆಯ ಅಂಗಾಂಗಗಳಿಗೆ ನಮ್ಮ ಭಾಷೆಯಲ್ಲಿ ಸಮೃದ್ಧವಾದ ಪದಸಂಪತ್ತಿದೆ. ಸುತ್ತಲ ಹಳ್ಳ ಅಗಳು. ಗೋಡೆಯ ನೆತ್ತಿಯ ಹಲ್ಲಿನಂಥ ಸಾಲು ತೆನೆ. ಗೋಡೆಯಿಂದ ಹೊರಚಾಚಿ ನಿಂತದ್ದು ಕೊತ್ತಳ. ದೊಡ್ಡ ಬಾಗಿಲು ಮುಚ್ಚಿದ ಮೇಲೆ ಒಬ್ಬೊಬ್ಬರನ್ನೇ ಬಿಡಲು ದಿಡ್ಡಿಬಾಗಿಲು. ಇದರ ಜೊತೆಗೆ ಇನ್ನೆರಡು ಶಬ್ದಗಳನ್ನು ಗಮನಿಸಿ. ಕೊತ್ತಳಕ್ಕೇ ಬುರುಜು ಎಂದೂ ಹೇಳುತ್ತೇವೆ. ಇದು ಅರಬ್ಬಿಯಿಂದ ಬಂದದ್ದು. ಇನ್ನೊಂದು ಬತೇರಿ. ಮಂಗಳೂರಿನಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತೇರಿ ಇದೆಯಲ್ಲ, ಆ ಬತೇರಿ ಇಂಗ್ಲಿಷಿನ ಬ್ಯಾಟರಿ, ಅಂದರೆ ಫಿರಂಗಿಗಳ ಸಾಲು. ಕೊತ್ತಳ, ಬುರುಜು, ಬತೇರಿ: ಯಾರು ಯಾರು ಬಂದರು, ಏನು ತಂದರು ಎಂಬ ಚರಿತ್ರೆ ಈ ಮೂರು ಮಾತುಗಳಲ್ಲಿದೆ.

ಕೋಟೆಯ ರೂಪವನ್ನು ನಿರ್ಧರಿಸಿದ್ದು ಕಟ್ಟುವವನ ರುಚಿಯಲ್ಲ, ಎದುರಾಳಿಯ ಆಯುಧ. ಆನೆ ಬಂದು ಬಾಗಿಲಿಗೆ ಹಣೆ ಕೊಡುವ ಕಾಲದಲ್ಲಿ ಬಾಗಿಲಿಗೆ ಕಬ್ಬಿಣದ ಮೊಳೆ ಬಂದವು, ದಾರಿಯನ್ನು ಎರಡು ಮೂರು ಕಡೆ ತಿರುವಿ ಆನೆಗೆ ಓಡಿಬರುವ ಜಾಗವೇ ಇಲ್ಲದಂತೆ ಮಾಡಿದರು. ಚಿತ್ರದುರ್ಗದ ಬಾಗಿಲುಗಳಲ್ಲಿ ನಡೆಯುತ್ತ ನಿಮಗೆ ‘ಇದೇನು ಇಷ್ಟು ತಿರುವು’ ಅನ್ನಿಸಿದ್ದರೆ ಅದು ಆನೆಗೆ ಹಾಕಿದ ಲೆಕ್ಕ. ಮದ್ದು ಬಂದ ಮೇಲೆ ಆಟವೇ ಬದಲಾಯಿತು. 1472ರಲ್ಲಿ ಬಹಮನಿಗಳು ಬೆಳಗಾವಿಗೆ ಮುತ್ತಿಗೆ ಹಾಕಿದಾಗ ಮಹಮೂದ್ ಗಾವಾನನ ಕಡೆಯವರು ಗೋಡೆಯ ಬುಡಕ್ಕೆ ಸುರಂಗ ಕೊರೆದು ಮದ್ದು ಸಿಡಿಸಿದರು. ದಖ್ಖನಿಗೆ ಅದು ಹೊಸದಾಗಿತ್ತೆಂದು ಫಿರಿಷ್ತಾ ಬರೆದಿದ್ದಾನೆ. ಬೀದರಿನ ಕೋಟೆಯ ದಕ್ಷಿಣ ಬದಿಯಲ್ಲಿ ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವಿದೆ. ನಡುನಡುವೆ ಬಂಡೆಯ ಗೋಡೆಯನ್ನು ಉಳಿಸಿದ್ದಾರೆ. ಇಂಥ ಕಂದಕದ ಎದುರು ಸುರಂಗ ಕೊರೆಯುವವನ ಪಾಡನ್ನು ಊಹಿಸಿಕೊಳ್ಳಬಹುದು.

ಬಿಜಾಪುರ, ಈಗಿನ ವಿಜಯಪುರ, ಸುಮಾರು ಹತ್ತು ಕಿಲೋಮೀಟರು ಸುತ್ತಳತೆಯ ಗೋಡೆ, 96 ಬುರುಜುಗಳ ಊರು. ಅಲ್ಲಿನ ಮಲಿಕ್-ಎ-ಮೈದಾನ್ ತೋಪನ್ನು ಕಾಣದವರು ಕಡಿಮೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಊರ ನಡುವೆ ಎದ್ದು ನಿಂತ ಉಪಲಿ ಬುರುಜು ಇನ್ನೂ ವಿಚಿತ್ರ. ಅದು ಗೋಡೆಗೆ ಅಂಟಿದ ಕೊತ್ತಳವಲ್ಲ. ಉದ್ದ ನಳಿಗೆಯ ತೋಪುಗಳನ್ನು ಎತ್ತರಕ್ಕೇರಿಸಲೆಂದೇ ಒಂಟಿಯಾಗಿ ಕಟ್ಟಿದ ಗೋಪುರ. ಇಷ್ಟೆಲ್ಲ ಇದ್ದ ಬಿಜಾಪುರ 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಶರಣಾಯಿತು. ಸುಮಾರು 15 ತಿಂಗಳ ಮುತ್ತಿಗೆಯ ಕೊನೆಗೆ ಊರನ್ನು ಮಣಿಸಿದ್ದು ತೋಪಿಗಿಂತ ಹೆಚ್ಚಾಗಿ ಹಸಿವು. ಒಳಗೆ ಮನುಷ್ಯರಿಗೆ ಕಾಳಿಲ್ಲ, ಕುದುರೆಗೆ ಮೇವಿಲ್ಲ. ದೊಡ್ಡ ಕೋಟೆಯೆಂದರೆ ಒಳಗೆ ಹೆಚ್ಚು ಬಾಯಿಗಳು ಎಂದೇ ಅರ್ಥ. ಗೋಡೆ ಹಗೆಯನ್ನು ಹೊರಗಿಡುವ ಹಾಗೆಯೇ ಹಸಿದವನನ್ನು ಒಳಗಿಡುತ್ತದೆ.

ತೋಪಿನ ಗುಂಡಿಗೆ ಎತ್ತರದ ಕಲ್ಲುಗೋಡೆ ಒಳ್ಳೆಯ ಗುರಿ. ಕಲ್ಲು ಒಡೆದು ಸಿಡಿಯುತ್ತದೆ, ಮಣ್ಣು ಗುಂಡನ್ನು ನುಂಗುತ್ತದೆ. ರಾಜಸ್ಥಾನದ ಭರತ್‌ಪುರದ ಮಣ್ಣುಗೋಡೆಯ ಮೇಲೆ 1805ರಲ್ಲಿ ಲಾರ್ಡ್ ಲೇಕ್ ನಾಲ್ಕು ಸಲ ಏರಿಹೋಗಿ ನಾಲ್ಕು ಸಲವೂ ಹಿಂದಿರುಗಿದ. ಕಲ್ಲುಕೋಟೆಗಳನ್ನು ದಿನಗಳಲ್ಲಿ ಮುರಿದಿದ್ದ ಕಂಪನಿ ಸೈನ್ಯ ಅದು. ಸೋಮೇಶ್ವರನ ಪಟ್ಟಿಯಲ್ಲಿ ಮಣ್ಣಿನ ದುರ್ಗಕ್ಕೂ ಜಾಗವಿರುವುದನ್ನು ನೋಡಿ ಬಡವರ ಕೋಟೆಯೆಂದು ತಿಳಿಯಬೇಡಿ.

ಯೂರೋಪಿನವರು ಇದೇ ಸಮಸ್ಯೆಗೆ ಬೇರೆ ಉತ್ತರ ಕಂಡುಕೊಂಡರು. ದುಂಡನೆಯ ಬುರುಜಿನ ಬುಡದಲ್ಲಿ ಒಂದು ಮರೆಯ ಜಾಗ ಉಳಿಯುತ್ತದೆ. ಅಲ್ಲಿಗೆ ಪಕ್ಕದ ಬುರುಜಿನ ಗುಂಡು ತಾಗುವುದಿಲ್ಲ. ಬುರುಜನ್ನು ಬಾಣದ ಮೊನೆಯಂತೆ ಚೂಪು ಮಾಡಿದರೆ ಆ ಮರೆ ಹೋಗುತ್ತದೆ. ಫ್ರಾನ್ಸಿನ ಎಂಟನೆಯ ಚಾರ್ಲ್ಸ್ 1494ರಲ್ಲಿ ತೋಪುಗಳೊಡನೆ ಇಟಲಿಗೆ ನುಗ್ಗಿದ ಮೇಲೆ ಈ ವಿದ್ಯೆ ಅಲ್ಲಿ ಬೇಗ ಬೆಳೆಯಿತು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ವೊಬಾನ್ ಅದನ್ನು ಗಣಿತದಷ್ಟು ಕರಾರುವಾಕ್ಕು ಮಾಡಿದ. ಅದರ ಒಂದು ಚುಕ್ಕೆ ನಮ್ಮಲ್ಲೂ ಬಿದ್ದಿದೆ. ಸಕಲೇಶಪುರದ ಬಳಿ, ಮಂಗಳೂರಿನ ದಾರಿಯಲ್ಲಿ, ಟಿಪ್ಪು 1792ರಲ್ಲಿ ಮುಗಿಸಿದ ಮಂಜರಾಬಾದ್ ಎಂಟು ಮೊನೆಯ ನಕ್ಷತ್ರದಂತಿದೆ. ಕೆಳಗೆ ನಿಂತರೆ ಏನೂ ತಿಳಿಯುವುದಿಲ್ಲ. ಈಚೆಗೆ ಆಕಾಶದಿಂದ ತೆಗೆದ ಚಿತ್ರಗಳು ಬಂದ ಮೇಲೆ ಅದರ ಆಕಾರ ನೋಡಿ ಜನ ಮಾರುಹೋಗಿದ್ದಾರೆ.

ಈಗ ನಮ್ಮ ಮೂರನೆಯ ಪ್ರಶ್ನೆ. ವಿಜಯನಗರದ ವಿಷಯದಲ್ಲಿ ಉತ್ತರ ಉದಾರವಾದದ್ದು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಏಳು ಸುತ್ತು ಗೋಡೆಯನ್ನು ವರ್ಣಿಸುತ್ತ, ಹೊರಗಿನ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳಿದ್ದವೆಂದು ಹೇಳುತ್ತಾನೆ. ಗೋಡೆಯಾಚೆ ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ಒತ್ತೊತ್ತಾಗಿ ನೆಟ್ಟಿದ್ದರು, ಕುದುರೆ ಸವಾರರು ನುಗ್ಗದಂತೆ. ರಾಜನ ಅರಮನೆಯನ್ನು ಮಾತ್ರವಲ್ಲ, ಉಳುವವನ ನೆಲವನ್ನೂ ಒಳಗೆ ತೆಗೆದುಕೊಂಡ ಕೋಟೆ ಅದು. ಆದರೆ 1565ರ ಜನವರಿಯಲ್ಲಿ ರಕ್ಕಸತಂಗಡಿಯ ಬಯಲಿನಲ್ಲಿ ರಾಮರಾಯ ಬಿದ್ದಾಗ ಈ ಏಳು ಸುತ್ತಿಗೆ ಪರೀಕ್ಷೆಯೇ ಬರಲಿಲ್ಲ. ತಿರುಮಲರಾಯ ಭಂಡಾರವನ್ನು ಹೇರಿಕೊಂಡು, ಸದಾಶಿವರಾಯನನ್ನು ಕರೆದುಕೊಂಡು ಪೆನುಗೊಂಡೆಗೆ ಹೊರಟ. ಗೋಡೆ ಇತ್ತು, ಗೋಡೆಯ ಮೇಲೆ ನಿಲ್ಲುವವರಿಲ್ಲ. ಊರಿನ ಜನ ಒಳಗಿದ್ದರು. ಆ ಕೋಟೆ ಅವರ ಪಾಲಿಗೆ ಅಷ್ಟು ಹೊತ್ತಿಗೆ ಬರಿಯ ಕಲ್ಲಾಗಿತ್ತು.

ಎಲ್ಲ ಕೋಟೆಗಳೂ ಇಷ್ಟು ಉದಾರಿಗಳಲ್ಲ. ನಮ್ಮ ಮಾತಿನಲ್ಲೇ ಕೋಟೆ-ಪೇಟೆ ಎಂಬ ಜೋಡಿ ಇದೆ. ಕೋಟೆಯಲ್ಲಿ ಅರಸ, ಭಂಡಾರ, ಮದ್ದಿನ ಮನೆ, ಪಹರೆ. ಪೇಟೆಯಲ್ಲಿ ನೇಕಾರ, ವರ್ತಕ, ಕುಂಬಾರ. ಬೆಂಗಳೂರನ್ನು ತೆಗೆದುಕೊಳ್ಳಿ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರ್ ಅಲಿ ಕಲ್ಲಿನಿಂದ ಭದ್ರಪಡಿಸಿದ. ಪೇಟೆಗೆ ಉಳಿದದ್ದು ಹಳ್ಳ, ಮಣ್ಣುಗೋಡೆ, ದಟ್ಟವಾದ ಮುಳ್ಳುಬೇಲಿ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿ ಲೂಟಿ ಮಾಡಿತು. ಕೋಟೆ ಬಿದ್ದದ್ದು ಅದೇ ತಿಂಗಳ 21ರ ರಾತ್ರಿ, ಎರಡು ವಾರ ತಡೆದು. ಒಡೆದ ಗೋಡೆಯ ಬಳಿಯೇ ವಯೋವೃದ್ಧ ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡಿ ಮಡಿದ. ಆ ಜಾಗವನ್ನು ಸೂಚಿಸುವ ಫಲಕ ದೆಹಲಿ ಬಾಗಿಲಿನ ಬಳಿ ಈಗಲೂ ಇದೆ. ಪೇಟೆ ಬಿದ್ದ ಜಾಗಕ್ಕೆ ಹಾಗೆ ಯಾರೂ ಕೈತೋರಿಸುವುದಿಲ್ಲ. ಅದರ ಮೇಲೆ ದಿನವೂ ಲಕ್ಷಾಂತರ ಜನ ನಡೆದಾಡುತ್ತಾರೆ.

ಪೇಟೆಯವನಾದರೂ ಕೋಟೆಯ ನೆರೆಯಲ್ಲಿದ್ದ. ಹಳ್ಳಿಯವನ ಗತಿ? ಸೈನ್ಯ ಹಾದುಹೋದರೆ ಅವನ ಬೆಳೆ ಯಾರಿಗೋ ಮೇವು. ಹಗೆಗೆ ಸಿಗಬಾರದೆಂದು ಸ್ವಂತ ಅರಸನ ಸೈನ್ಯವೇ ಸುಟ್ಟರೂ ಸುಟ್ಟಿತೇ. ಹೀಗಾಗಿ ಹಳ್ಳಿಗಳು ತಮ್ಮ ರಕ್ಷಣೆಯನ್ನು ತಾವೇ ಮಾಡಿಕೊಂಡವು. ಕೋಟೆಗಳ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದ ಅಧ್ಯಾಯ ಇದು. ಪುಸ್ತಕಗಳಲ್ಲಿ ಮಾತ್ರ ಇದಕ್ಕೆ ಒಂದೆರಡು ಸಾಲಿಗಿಂತ ಹೆಚ್ಚು ಜಾಗ ಸಿಗುವುದಿಲ್ಲ.

ಬಯಲುಸೀಮೆಯ ಎಷ್ಟೋ ಹಳ್ಳಿಗಳ ನಡುವೆ ಮಣ್ಣು ಕಲ್ಲಿನ ಒಂದು ದುಂಡು ಗೋಪುರ ಕಾಣುತ್ತದೆ. ಜನ ಅದನ್ನು ಹುಡೆ, ಹುಡೇವು ಎನ್ನುತ್ತಾರೆ. ಕೆಲವಕ್ಕೆ ನೆಲಮಟ್ಟದಲ್ಲಿ ಬಾಗಿಲಿರುತ್ತಿರಲಿಲ್ಲ; ಏಣಿ ಹಾಕಿ ಹತ್ತಿ, ಏಣಿಯನ್ನು ಮೇಲಕ್ಕೆಳೆದುಕೊಳ್ಳುವುದು. ದೂರದಲ್ಲಿ ಧೂಳು ಎದ್ದರೆ ಕಾವಲಿನವನು ಕೂಗು ಹಾಕುತ್ತಾನೆ, ಊರು ಒಟ್ಟಾಗುತ್ತದೆ. ದೊಡ್ಡ ಸೈನ್ಯವನ್ನು ಹುಡೆ ತಡೆಯಲಾರದು, ಅದಕ್ಕಾಗಿ ಕಟ್ಟಿದ್ದೂ ಅಲ್ಲ. ಕುದುರೆ ಮೇಲೆ ಬಂದು ಸಿಕ್ಕಿದ್ದನ್ನು ದೋಚಿ ಓಡುವ ಗುಂಪಿಗೆ ಹೊತ್ತು ಬಹಳ ಇರುವುದಿಲ್ಲ. ಅರ್ಧ ದಿನ ತಡೆದರೆ ಊರು ಉಳಿಯಿತು. ಹುಡೆ ಕಟ್ಟಿದವರ ಲೆಕ್ಕ ಇದು, ಬಹಳ ಬುದ್ಧಿವಂತಿಕೆಯ ಲೆಕ್ಕ.

ಕೊಡಗಿನಲ್ಲಿ ಇದೇ ಬುದ್ಧಿ ಬೇರೆ ರೂಪ ತಾಳಿದೆ. ಅಲ್ಲಿನ ಕಡಂಗಗಳು ಗುಡ್ಡ ಕಾಡುಗಳ ಮೇಲೆ ಮೈಲಿಗಟ್ಟಲೆ ಹರಿದ ಹಳ್ಳ ಮತ್ತು ಏರಿ. ಒಂದು ಬದಿ ತೋಡು, ಆ ಮಣ್ಣೇ ಇನ್ನೊಂದು ಬದಿಗೆ ದಿಬ್ಬ. ಕೌಟಿಲ್ಯ ಹೇಳಿದ್ದೂ ಇದೇ ತಾನೆ? ಆದರೆ ಇಲ್ಲಿ ಅದರ ಒಳಗಿರುವುದು ಅರಮನೆಯಲ್ಲ. ನಾಡಿನ ಗದ್ದೆ, ಕಾಡು, ಮನೆ. ಈಗ ಕಾಫಿ ತೋಟಗಳ ನಡುವೆ ಕಡಂಗಗಳು ನೀರಿನ ಕಾಲುವೆಯಂತೆ ಕಾಣುತ್ತವೆ. ತೋಟ ವಿಸ್ತರಿಸುವವರು ಅವನ್ನು ಮುಚ್ಚಿದರೂ ಯಾರೂ ಕೇಳುವುದಿಲ್ಲ. ಕಲ್ಲಿನ ಕೋಟೆಯ ಒಂದು ತೆನೆ ಬಿದ್ದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಮಣ್ಣಿನದು ಹೋದರೆ ಹೋದದ್ದೇ ಗೊತ್ತಾಗುವುದಿಲ್ಲ.

ಹುಡೆಯೂ ಇಲ್ಲ, ಕಡಂಗವೂ ಇಲ್ಲ, ಆಗ ಏನು? ಆಗ ನರದುರ್ಗ. ನಿಮ್ಮ ಊರಿನ ಕೆರೆ ಏರಿಯ ಮೇಲೆ, ಗುಡಿಯ ಮುಂದೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವುದು, ಊರಳಿವು ಎಂದರೆ ಊರಿನ ನಾಶ, ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ. ಈ ಮೂರು ಮಾತುಗಳು ಹಳೆಯ ವೀರಗಲ್ಲುಗಳ ಮೇಲೆ ಮತ್ತೆ ಮತ್ತೆ ಬರುತ್ತವೆ. ಅರಸನಿಗಾಗಿ ದಂಡಿನಲ್ಲಿ ಸತ್ತವರ ಕಲ್ಲುಗಳೂ ಇವೆ. ಆದರೆ ಊರಿನ ದನಕ್ಕಾಗಿ, ಊರಿನ ಹೆಣ್ಣಿಗಾಗಿ ಅಡ್ಡ ನಿಂತು ಸತ್ತವರ ಕಲ್ಲುಗಳ ಲೆಕ್ಕ ಯಾವ ರಾಜವಂಶದ ಕೋಟೆಗಳಿಗಿಂತಲೂ ಹೆಚ್ಚು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಕೈಲಾಸ. ಗೋಡೆಯ ಬದಲಿಗೆ ನಿಂತವನ ಚಿತ್ರ ಅದು.

ಮಲೆನಾಡಿನ ವನದುರ್ಗಕ್ಕೂ ಕೊನೆಗೆ ಮನುಷ್ಯನೇ ಕೀಲಿಕೈ. ಕೆಳದಿಯ ಅರಸರ ರಾಜಧಾನಿ ಬಿದನೂರಿಗೆ ಸುತ್ತಲ ಗುಡ್ಡ ಮತ್ತು ದಟ್ಟ ಕಾಡೇ ಕೋಟೆ. 1763ರಲ್ಲಿ ಹೈದರ್ ಅಲಿ ಅದನ್ನು ಗೆದ್ದದ್ದು ಕಾಡು ಕಡಿದಲ್ಲ. ಸೆರೆಯಲ್ಲಿದ್ದ ಹಿಂದಿನ ಮಂತ್ರಿಯೊಬ್ಬ ಒಳದಾರಿ ತೋರಿಸಿಕೊಟ್ಟ.

ಚಿತ್ರದುರ್ಗದ ಮಾತು ಬಾರದೆ ಕನ್ನಡದಲ್ಲಿ ಕೋಟೆಯ ಮಾತು ಮುಗಿಯುವುದಿಲ್ಲ. ತ.ರಾ.ಸು. ಅವರ ಕಾದಂಬರಿಗಳು, 1972ರ ‘ನಾಗರಹಾವು’ ಚಿತ್ರ ಅದನ್ನು ಮನೆಮನೆಗೂ ತಂದಿವೆ. ಪ್ರವಾಸಿಗಳು ಅಲ್ಲಿ ಗೋಡೆ, ಬಾಗಿಲು, ಕಿಂಡಿ ನೋಡುತ್ತಾರೆ. ನಾನು ನೋಡಿ ಎನ್ನುವುದು ನೀರನ್ನು. ಏಳು ಬೆಟ್ಟಗಳ ಮೇಲೆ ಬಿದ್ದ ಮಳೆಯನ್ನು ಹಿಡಿದಿಡಲು ಒಂದರ ಕೆಳಗೊಂದು ಹೊಂಡಗಳಿವೆ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ. ಮೇಲಿನದು ತುಂಬಿದರೆ ಕೆಳಗಿನದಕ್ಕೆ, ಅಲ್ಲಿಂದ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಹೈದರ್ ಅಲಿಯಂಥವನು ಸಾಲುಸಾಲು ಮುತ್ತಿಗೆ ಹಾಕಿದರೂ ದುರ್ಗ ಅಷ್ಟು ಕಾಲ ನಿಂತದ್ದಕ್ಕೆ ಏಳು ಸುತ್ತಿನಷ್ಟೇ ಈ ಹೊಂಡಗಳೂ ಕಾರಣ.

ಓಬವ್ವನ ಕಥೆಯನ್ನೂ ಇದೇ ದೃಷ್ಟಿಯಿಂದ ಮತ್ತೊಮ್ಮೆ ನೋಡಿ. ಅವಳು ಕಹಳೆಯ ಮುದ್ದಹನುಮನ ಹೆಂಡತಿ, ಕಾವಲುಗಾರನ ಮನೆಯವಳು. ಗಂಡ ಊಟಕ್ಕೆ ಕೂತಿದ್ದಾಗ ನೀರು ತರಲು ಹೋದಳು, ಕಿಂಡಿಯಲ್ಲಿ ತೂರಿ ಬರುತ್ತಿದ್ದ ಸೈನಿಕರನ್ನು ಕಂಡಳು, ಕೈಗೆ ಸಿಕ್ಕ ಒನಕೆ ಹಿಡಿದಳು. ಇದರಲ್ಲಿ ಇರುವುದೆಲ್ಲ ಸಂಸಾರದ ಸಾಮಾನು: ಊಟ, ಕೊಡ, ಒನಕೆ. ಏಳು ಸುತ್ತು ಕಟ್ಟಿದವರು ಬಿಟ್ಟ ಒಂದು ಸಂದನ್ನು ಮುಚ್ಚಿದ್ದು ಅಡುಗೆಮನೆಯಿಂದ ಬಂದ ಹೆಂಗಸು. ಜನ ಮದಕರಿಯ ಗೆಲುವುಗಳ ಇಸವಿ ಮರೆತರೂ ಇದನ್ನು ಮರೆಯಲಿಲ್ಲ.

1779ರಲ್ಲಿ ದುರ್ಗ ಕೊನೆಗೂ ಬಿತ್ತು. ಒಳಗಿನವರ ದ್ರೋಹದಿಂದ ಎಂಬ ಮಾತಿದೆ. ಆಮೇಲೆ ಏನಾಯಿತೆಂದು ಕೇಳುವವರು ಕಡಿಮೆ. ಸುಮಾರು ಇಪ್ಪತ್ತು ಸಾವಿರ ಬೇಡರನ್ನು ಹೈದರ್ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದನೆಂದೂ ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದನೆಂದೂ ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಹೇಳುತ್ತಾನೆ. ಕಲ್ಲು ಅಲ್ಲೇ ಉಳಿಯಿತು, ನರದುರ್ಗವನ್ನು ಕಿತ್ತು ಇನ್ನೊಂದು ಕಡೆ ನೆಟ್ಟಂತಾಯಿತು. ಮತ್ತೆ ದುರ್ಗದಲ್ಲಿ ಯಾರೂ ತಿರುಗಿ ನಿಲ್ಲದಂತೆ ಮಾಡಲು ಗೋಡೆ ಕೆಡವುವುದಕ್ಕಿಂತ ಅದು ಖಚಿತವಾದ ದಾರಿ ಎಂದು ಹೈದರನಿಗೆ ಗೊತ್ತಿತ್ತು.

ಇಪ್ಪತ್ತು ವರ್ಷಗಳ ಮೇಲೆ ಸರದಿ ಶ್ರೀರಂಗಪಟ್ಟಣದ್ದು. ಕಾವೇರಿಯ ನಡುವಿನ ಈ ಜಲದುರ್ಗದ ಪತನಕ್ಕೆ ಕಾರಣ ಕೇಳಿದರೆ ಜನ ಮೀರ್ ಸಾದಿಕನ ಹೆಸರು ಹೇಳುತ್ತಾರೆ. ದ್ರೋಹದ ಕಥೆಗೆ ನಾಲಿಗೆಯ ಮೇಲೆ ಆಯುಸ್ಸು ಹೆಚ್ಚು. ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಪಂಚಾಂಗ. ಕೋಟೆಯ ಮೇಲೆ ಏರಿಹೋದದ್ದು 1799ರ ಮೇ 4ರ ಮಧ್ಯಾಹ್ನ. ಆ ಹೊತ್ತಿಗೆ ಕಾವೇರಿಯಲ್ಲಿ ಬಂಡೆಗಳೆಲ್ಲ ಮೇಲೆದ್ದಿದ್ದವು, ಸಿಪಾಯಿಗಳು ಕಾಲ್ನಡಿಗೆಯಲ್ಲೇ ದಾಟಿದರು. ಕೊಡಗಿನಲ್ಲಿ ಮುಂಗಾರು ಹಿಡಿದರೆ ಅದೇ ನದಿ ದಾಟಲಾಗದ ಅಗಳು. ಇದು ಟಿಪ್ಪುವಿಗೂ ಗೊತ್ತು, ಇಂಗ್ಲಿಷರಿಗೂ ಗೊತ್ತು. ಅವರ ದಂಡಿನಲ್ಲಿ ಧಾನ್ಯ ಮುಗಿಯುತ್ತ ಬಂದಿತ್ತು. ಇನ್ನು ಕೆಲವು ವಾರ ಕಳೆದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಚರಿತ್ರೆಯ ಕೆಲಸವಲ್ಲ, ಆದರೂ ಊಹಿಸದೆ ಇರುವುದು ಕಷ್ಟ. ಪಶ್ಚಿಮದ ಮೂಲೆಯಲ್ಲಿ ಗೋಡೆ ಒಡೆದಿತ್ತು. ಏರಿದವರು ಗೋಡೆಯ ಮೇಲೆಯೇ ಎಡಕ್ಕೂ ಬಲಕ್ಕೂ ಹರಡಿಕೊಂಡರು. ಸಂಜೆಯ ಹೊತ್ತಿಗೆ ಟಿಪ್ಪು ಬಾಗಿಲೊಂದರ ಬಳಿ ಹೆಣಗಳ ರಾಶಿಯಲ್ಲಿದ್ದ. ಆ ರಾತ್ರಿ ಊರು ಲೂಟಿಯಾಯಿತು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ತನ್ನದೇ ಸೈನಿಕರಲ್ಲಿ ಕೆಲವರನ್ನು ನೇಣಿಗೆ ಹಾಕಿ, ಕೆಲವರಿಗೆ ಚಾಟಿಯಿಂದ ಹೊಡೆಸಿ ಲೂಟಿ ನಿಲ್ಲಿಸಬೇಕಾಯಿತು.

ಇದಕ್ಕೆ ಹೋಲಿಸಿದರೆ 1520ರ ರಾಯಚೂರು ಬೇರೆಯದೇ ಚಿತ್ರ. ಕೃಷ್ಣದೇವರಾಯನ ಕಡೆಯವರು ಗುದ್ದಲಿ, ಹಾರೆ ಹಿಡಿದು ಗೋಡೆಯ ಕಲ್ಲನ್ನೇ ಕೀಳತೊಡಗಿದರು. ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ಹಣ ಕೊಟ್ಟರಂತೆ. ಮೇಲಿನಿಂದ ಬಗ್ಗಿ ಹೊಡೆಯುವವರನ್ನು ಪೋರ್ಚುಗೀಸ್ ಫಿಗೇರೆದೊ ಮತ್ತು ಅವನ ಬಂದೂಕಿನವರು ಹೊಂಚಿ ಹೊಡೆದರು. ಕೋಟೆಯ ನಾಯಕನೇ ಹಣೆಗೆ ಗುಂಡು ಬಿದ್ದು ಸತ್ತ ಮೇಲೆ ಒಳಗಿನವರು ಶರಣಾದರು. ಇರುವವರು ತಮ್ಮ ಆಸ್ತಿಯೊಡನೆ ಇರಬಹುದು, ಹೋಗುವವರು ಹೋಗಬಹುದು ಎಂದು ರಾಯ ಅಭಯ ಕೊಟ್ಟನೆಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಮುತ್ತಿಗೆಯ ಚರಿತ್ರೆಯಲ್ಲಿ ಇಂಥ ಮಾತು ಕಣ್ಣಿಗೆ ಬೀಳುವುದು ಅಪರೂಪ.

ಒಳಗೆ ಯಾರು ಎಂಬ ಪ್ರಶ್ನೆ ಹಳೆಯದಾಗಿಲ್ಲ. ಶ್ರೀರಂಗಪಟ್ಟಣದಲ್ಲಿ, ವಿಜಯಪುರದಲ್ಲಿ ಹಳೆಯ ಗೋಡೆಗಳ ನಡುವೆಯೇ ಜನ ಬಾಳುತ್ತಿದ್ದಾರೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ ನೂರು ಮೀಟರು ನಿಷೇಧ, ಅದರಾಚೆ ಇನ್ನೂರು ಮೀಟರು ನಿಯಂತ್ರಣ ಎಂಬ ನಿಯಮ 1992ರ ಅಧಿಸೂಚನೆಯಲ್ಲಿ ಬಂತು, 2010ರ ತಿದ್ದುಪಡಿಯಲ್ಲಿ ಬಿಗಿಯಾಯಿತು. ಕೋಟೆ ಉಳಿಯಬೇಕು, ಸಂಶಯವಿಲ್ಲ. ಆದರೆ ಮಾಳಿಗೆ ಸೋರುವ ಮನೆಯವನು ಪರವಾನಗಿಗಾಗಿ ಅಲೆಯುವುದನ್ನೂ, ಅಗಳಿಗೆ ಊರಿನ ಕಸವೆಲ್ಲ ಬಂದು ಬೀಳುವುದನ್ನೂ ಒಟ್ಟಿಗೆ ನೋಡಿದರೆ ನಾವು ಗೋಡೆಯನ್ನೂ ಕಾಯುತ್ತಿಲ್ಲ, ಗೋಡೆಯ ನೆರೆಯವನನ್ನೂ ಕಾಯುತ್ತಿಲ್ಲ ಅನ್ನಿಸುತ್ತದೆ. ಬೀದರಿನಲ್ಲಿ ಹೂಳು ತುಂಬಿದ್ದ ಹಳೆಯ ಸುರಂಗ ಬಾವಿಗಳನ್ನು ಈಚಿನ ವರ್ಷಗಳಲ್ಲಿ ತೆಗೆದು ಶುಚಿ ಮಾಡಿದ್ದಾರೆ. ಊರಿನವರು ಇಳಿದು ನೋಡಿದರು, ಹೆಮ್ಮೆಪಟ್ಟರು. ಹಾಗೆ ಆಗಬೇಕು.

ರಜೆಯಲ್ಲಿ ಎಲ್ಲಿಗಾದರೂ ಹೋಗುವುದಿದ್ದರೆ ರಾಯಚೂರಿಗೇ ಹೋಗಿ. 1294ರಲ್ಲಿ ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿ ಕಟ್ಟಿಸಿದ ಒಳಗೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಶಾಸನ, ಕಟ್ಟಿಸಿದವನ ಹೊಗಳಿಕೆ. ಅದನ್ನು ಓದಿ ಮುಂದೆ ಹೋಗಬೇಡಿ. ಅಲ್ಲೇ ಆ ಕಲ್ಲನ್ನು ತಂದ ಚಿತ್ರವನ್ನೂ ಗೀರಿದ್ದಾರೆ: ಗಟ್ಟಿ ಗಾಲಿಯ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಗಾಲಿ ಹೂತಲ್ಲಿ ಸನ್ನೆಗೋಲು ಹಾಕಿ ಮೀಟುತ್ತಿರುವ ಆಳುಗಳು. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಹೋದರೆ ಗೆರೆಗಳು ಚೆನ್ನಾಗಿ ಕಾಣುತ್ತವೆ.